ಮುಂಡಿಗೆ ಕಿತ್ತು ಹಳ್ಳ ಉಳಿಸುವುದುಂಟೇ?

ಮೈಸೂರಿನ ಯಾದವಗಿರಿಯಂತಹ ಬಡಾವಣೆಗಳ ಕೈತೋಟಗಳಲ್ಲಿ, ಎಲೆಯಂಚಿಗೆ ಬಿಳಿ ಪಟ್ಟೆಯುಳ್ಳ ಕೇದಿಗೆ ಜಾತಿಯ ಗಿಡವನ್ನು ಅಲಂಕಾರಕ್ಕೆಂದು ಬೆಳೆಸುವುದುಂಟು. ಪೆಸಿಫಿಕ್ ದ್ವೀಪಗಳ ಮೂಲದ ಈ ಗಿಡವನ್ನು ನರ್ಸರಿಯಿಂದ ಹಣ ತೆತ್ತು ತರಲಾಗುತ್ತದೆ. ಅದೇ ಬಳಗದ ಮುಂಡಿಗೆಯನ್ನು ಮಲೆನಾಡಿನ ಹಳ್ಳದ ದಂಡೆಯಿಂದ, ಹಣ ತೆತ್ತೇ, ಜೆಸಿಬಿ ಹಚ್ಚಿ ಕೀಳಿಸಲಾಗುತ್ತದೆ. ಅಲ್ಲಿ ಅಲಂಕಾರ, ಇಲ್ಲಿ ಕಳೆ! ಈ ಕುರುಡುತನಕ್ಕೆ ಇಟ್ಟ ಹೆಸರು ಅಭಿವೃದ್ಧಿ.

ಪ್ಯಾಂಡಾನಸ್ ಬಳಗದ ನೂರಾರು ಪ್ರಭೇದಗಳು ಆಫ್ರಿಕದಿಂದ ಪೆಸಿಫಿಕ್‌ವರೆಗಿನ ಉಷ್ಣವಲಯದಲ್ಲಿ ಹರಡಿವೆ. ಕಡಲಂಚಿನ ಮರಳಿನಲ್ಲಿ ಕೇದಿಗೆ, ಘಟ್ಟದ ತೊರೆ-ಜೌಗುಗಳಲ್ಲಿ ಮುಂಡಿಗೆ. ಗರಗಸದಂತೆ ಮುಳ್ಳುಳ್ಳ ಉದ್ದನೆಯ ಎಲೆಗಳು ಕಾಂಡದ ತುದಿಯಲ್ಲಿ ತಿರುಪಿನಂತೆ ಸುತ್ತಿಕೊಂಡಿರುತ್ತವೆ. ಗಂಡು, ಹೆಣ್ಣು ಗಿಡಗಳು ಬೇರೆ ಬೇರೆ. ನಾಗನಿಗೆ ಅರ್ಪಿಸುವ, ಹೆಂಗಳೆಯರು ಮುಡಿಯುವ ಕಂಪಿನ ಕೇದಿಗೆ ಗಂಡುಗಿಡದ್ದು. ಅನಾನಸಿನಂತಹ ಕಾಯಿ ಹೆಣ್ಣುಗಿಡದ್ದು. ಕಾಂಡದಿಂದ ಇಳಿಯುವ ಊರುಗೋಲಿನಂತಹ ಬೇರುಗಳು ಸಡಿಲ ಮಣ್ಣಿನಲ್ಲಿಯೂ ಗಿಡವನ್ನು ಎತ್ತಿ ನಿಲ್ಲಿಸುತ್ತವೆ.

ಈ ಬೇರುಗಳೇ ದಂಡೆಯ ಕಾವಲು. ಮಳೆಗಾಲದ ಸೆಳವನ್ನು ಅವು ತಗ್ಗಿಸುತ್ತವೆ, ಮಣ್ಣನ್ನು ಹಿಡಿಯುತ್ತವೆ. ಪೊದೆಯಿಂದ ನೀರಿಗೆ ಅಡ್ಡಿಯೆಂದು ಹೇಳುವವರಿದ್ದಾರೆ. ಮಲೆನಾಡಿನ ಇಳಿಜಾರಿನಲ್ಲಿ ಓಡುವ ನೀರಿಗೆ ಬೇಕಿರುವುದೇ ಆ ಅಡ್ಡಿ! ಹಾವು ಸೇರುತ್ತದೆಂಬುದು ಇನ್ನೊಂದು ದೂರು. ಹಾವಿಗೆ ಮನೆಯಿರುವಲ್ಲಿ ಕಪ್ಪೆಗೂ ಮೀನಿಗೂ ಹಕ್ಕಿಗೂ ಮನೆಯಿರುತ್ತದೆ. ಶಿರಸಿ ತಾಲ್ಲೂಕಿನ ಸೋಂದೆಯ ಬಳಿಯ ಮುಂಡಿಗೆಕೆರೆಗೆ ಹೆಸರು ಬಂದದ್ದೇ ಈ ಗಿಡದಿಂದ. ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಅಲ್ಲಿ ಮುಂಡಿಗೆಯ ಮೇಲೆಯೇ ಗೂಡು ಕಟ್ಟಿ ಮರಿ ಮಾಡುತ್ತವೆ. ಕೆರೆಯ 'ಸ್ವಚ್ಛತೆ'ಗೆಂದು ಆ ಮುಳ್ಳನ್ನು ಕಿತ್ತರೆ ಉಳಿಯುವುದು ಹಕ್ಕಿಯಿಲ್ಲದ ನೀರಿನ ಗುಂಡಿ.

ಗಿಡದೊಡನೆ ಬದುಕೂ ಹೋಗುತ್ತದೆ. ಓಲೆಯ ಚಾಪೆ ಹೆಣೆಯುವ ಕೈಗಳು, ಅಷ್ಟಮಿ-ಚೌತಿಗೆ ಮೂಡೆ ಕಟ್ಟುವ ಕರಾವಳಿಯ ತಾಯಂದಿರು ಎಲೆಗಾಗಿ ಎಲ್ಲಿಗೆ ಹೋಗಬೇಕು?

ಇದು ಹಳ್ಳಿಗರ ಸಂಕಟ ಮಾತ್ರವಲ್ಲ. ಮೈಸೂರಿನ ನಲ್ಲಿಗೆ ಬರುವ ಕಾವೇರಿ, ಕಬಿನಿಯರ ನೀರು ಹುಟ್ಟುವುದು ಘಟ್ಟದ ಇಂತಹ ತೊರೆಗಳಲ್ಲಿಯೇ. ತೊರೆಯ ದಂಡೆ ಕುಸಿದರೆ ಅದರ ಹೂಳು ಅಣೆಕಟ್ಟನ್ನು ಸೇರುತ್ತದೆ.

ಮಾಡಬೇಕಾದುದು ಕಷ್ಟದ್ದಲ್ಲ. ಕುಸಿದ ದಂಡೆಗೆ ಕಾಂಕ್ರೀಟ್ ಗೋಡೆಯ ಬದಲು ಮುಂಡಿಗೆಯ ಕೊಂಬೆ ನೆಟ್ಟರೆ ಅದು ಬೇರೂರುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಮುಂಡಿಗೆ ದಂಡೆಗಳು ಅದರ ದಾಖಲಾತಿಯಲ್ಲಿ ಸೇರಲಿ. ಆ ಕೆಲಸಕ್ಕೆ ವಿದ್ಯಾರ್ಥಿಗಳು ಮುಂದಾಗಲಿ. ಹಳ್ಳದ ಕಾಮಗಾರಿಗೆ ಯಂತ್ರ ಇಳಿಯುವ ಮುನ್ನ ಗ್ರಾಮಸಭೆ ಆ ಪಟ್ಟಿಯನ್ನು ಕೇಳಲಿ. ಕೇಳದ ಗ್ರಾಮಸಭೆಗೆ ಹಳ್ಳವೇ ಒಂದು ಮಳೆಗಾಲದಲ್ಲಿ ಉತ್ತರ ಹೇಳೀತು.