ಕರ್ಮವಲ್ಲ, ಕೂಡುವ ಲೆಕ್ಕದ ತಪ್ಪು

‘ಡಾಕ್ಟರು ಬರೆದದ್ದನ್ನು ಕೇಳಲಿಕ್ಕೆ ನಾವ್ಯಾರ್ರೀ? ಹುಡುಗನ ಕರ್ಮ’ ಎಂದು ರಾಣೇಬೆನ್ನೂರಿನ ಹಿರಿಯರು, ಅದೂ ಇಷ್ಟಲಿಂಗ ಧರಿಸಿದವರು, ನನಗೆ ಬುದ್ಧಿ ಹೇಳುತ್ತಾರೆ. ಇದರಲ್ಲಿ ಕರ್ಮ ಎಲ್ಲಿಂದ ಬಂತು, ಶರಣರೇ?

ನನ್ನ ಮಗನಿಗೆ 34 ವರ್ಷ. ಒಂದು ಕಣ್ಣು ಕಾಣದು. ಎಡಗಾಲು ಎಳೆದು ನಡೆಯುತ್ತಾನೆ. ತಪಾಸಣೆಯಲ್ಲಿ ಕಣ್ಣಿಗೆ ಶೇ. 30, ಕಾಲಿಗೆ ಶೇ. 36 ಕೊಟ್ಟರು. ಪ್ರಮಾಣಪತ್ರದಲ್ಲಿ ಮಾತ್ರ ಬರೀ 36! ಮೀಸಲಾತಿಗೂ ಮಾಸಾಶನಕ್ಕೂ ಕನಿಷ್ಠ 40 ಬೇಕು. ಎರಡು ವೈಕಲ್ಯಗಳಿದ್ದರೆ ಕೂಡಿಸುವ ಸೂತ್ರ ಕೇಂದ್ರದ ಮಾರ್ಗಸೂಚಿಯಲ್ಲೇ ಇದೆ: 90ರಲ್ಲಿ ದೊಡ್ಡ ಅಂಕಿ ಕಳೆಯಿರಿ, ಉಳಿದ 54ನ್ನು ಚಿಕ್ಕ ಅಂಕಿ 30ರಿಂದ ಗುಣಿಸಿ 90ರಿಂದ ಭಾಗಿಸಿ. 18 ಬಂತು. ಅದನ್ನು 36ಕ್ಕೆ ಕೂಡಿಸಿದರೆ 54. ಇದಕ್ಕೆ ಎಂಜಿನಿಯರೇ ಬೇಕಿಲ್ಲ, ಎಂಟನೆಯ ಇಯತ್ತೆಯ ಹುಡುಗ ಸಾಕು.

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಒಂದು ಕಿಲೋ ಕಡಿಮೆ ತೂಗಿದರೆ ರೈತ ಮತ್ತೆ ತೂಗಿಸುತ್ತಾನೆ. ಅವನಿಗೆ ಯಾರೂ ಕರ್ಮ ಎನ್ನುವುದಿಲ್ಲ. ನಾನು ಲಿಂಗೈಕ್ಯನಾದ ಮೇಲೆ ಮಗನ ಕೈಯಲ್ಲಿ ಉಳಿಯುವುದು ಈ ಹಾಳೆ. ಇದಕ್ಕೇಕೆ ಬಾಯಿ ಕಟ್ಟಿಕೊಳ್ಳಬೇಕು?

2016ರ ಕಾಯ್ದೆಯ 59ನೇ ಕಲಮಿನಲ್ಲಿ ಮೇಲ್ಮನವಿಗೆ ಅವಕಾಶವಿದೆ, ಅವಧಿ 90 ದಿನ. ಲೆಕ್ಕದ ಹಾಳೆ ಲಗತ್ತಿಸಿ ಹಾವೇರಿಯಿಂದ ಕಳಿಸಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಪ್ರಮಾಣಪತ್ರವಿದ್ದರೆ ಮೊದಲು ತಾರೀಖು ನೋಡಿರಿ.