ಕಾಣದ ನೋವು ಸುಳ್ಳಲ್ಲ
ಪ್ರಸಾದದ ಪಂಕ್ತಿಯಿಂದ ಏಳುವಾಗ ಕಂಬ ಹಿಡಿಯುವವರನ್ನು ಸಾಲಹಳ್ಳಿಯಲ್ಲಿ ನಾವು ಆಗಾಗ ಕಾಣುತ್ತೇವೆ. ಹೊಲದಲ್ಲಿ ಬಾಗಿ ದುಡಿದ ಬೆನ್ನು ಅವರದು. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೆ ಆ ನೋವನ್ನೇ ಸುಳ್ಳೆನ್ನುತ್ತೇವೆ. ಸೊಸೆಗೆ ಬಂದರಂತೂ ಮೈಗಳ್ಳತನವೆಂಬ ಹೆಸರು. ಇದು ಅನ್ಯಾಯ. 3 ತಿಂಗಳು ಮೀರಿ ಉಳಿಯುವ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲದ ನೋವೆಂದು ಕರೆಯುತ್ತದೆ; ಗಾಯ ಮಾಯ್ದ ಮೇಲೂ ನರಗಳು ನೋವಿನ ಸೂಚನೆಯನ್ನು ಕಳುಹಿಸುತ್ತಲೇ ಇರಬಹುದು. ನಿದ್ರೆ ಕೆಟ್ಟು ಚಿಂತೆ ಬೆಳೆದಂತೆ ನೋವೂ ಬೆಳೆಯುತ್ತದೆ. ಆಪ್ತಸಮಾಲೋಚನೆ ಈ ಬಿಗಿಯನ್ನು ಸಡಿಲಿಸಬಲ್ಲದು. ಔಷಧವನ್ನು ಬಿಡಿಸುವುದು ಅದರ ಉದ್ದೇಶವಲ್ಲ. ಅದು ಹುಚ್ಚರಿಗೆ ಮಾತ್ರವೆಂಬ ಸಂಕೋಚವೇಕೆ? ಧಾರವಾಡದ ಡಿಮ್ಹಾನ್ಸ್‌ವರೆಗೆ ಹೋಗಲಾರದವರು, 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆಮಾಡಿ, ಹಗಲಿರುಳೆನ್ನದೆ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು. ಹಿರಿಯರಿಗೆ ಆ ಸಂಖ್ಯೆಯನ್ನು ಒತ್ತಿಕೊಟ್ಟು, ಅವರು ಮುಕ್ತವಾಗಿ ಮಾತನಾಡಲೆಂದು ಮಕ್ಕಳು ಸ್ವಲ್ಪ ಹೊತ್ತು ಹೊರಗೆ ಕಟ್ಟೆಯ ಮೇಲೆ ಕುಳಿತಿರಲಿ.