ಅಂಗಳದ ಬೇವು ಕಡಿಸುವ ಮೊದಲು



ಈ ಸಲ ಕಮಲಾಪುರದ ಓದುಗರೊಬ್ಬರ ಕಾಗದ ಬಂದಿದೆ. ಮೇ ತಿಂಗಳ ಗಾಳಿಗೆ ಅವರ ಅಂಗಳದ ಬೇವಿನ ಟೊಂಗೆ ಮುರಿದು ಪಕ್ಕದ ಮನೆಯ ತಗಡಿನ ಮೇಲೆ ಬಿತ್ತಂತೆ. ಯಾರಿಗೂ ಪೆಟ್ಟಾಗಲಿಲ್ಲ, ಪುಣ್ಯ. ಆದರೆ ಅಂದಿನಿಂದ ಮನೆಯವರದೂ ನೆರೆಯವರದೂ ಒಂದೇ ಮಾತು: "ಗಿಡಾ ಬುಡಸಮೇತ ತೆಗಿಸಿಬಿಡ್ರಿ." ಅತ್ತೆಯವರು ಹಚ್ಚಿದ ಗಿಡ, ಬೇಸಿಗೆಯಲ್ಲಿ ಅದರ ನೆರಳಿಲ್ಲದೆ ಮನೆಯೊಳಗೆ ಕೂಡಲಿಕ್ಕಾಗುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದಾರೆ.

ಕಲಬುರಗಿ ಸೀಮೆಯ ಬಿಸಿಲು ಉಂಡವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಹಗಲೆಲ್ಲ ಕಾದ ಆ ನೆಲವೇ ಸಂಜೆಗೆ ಮೋಡ ಕಟ್ಟಿಸಿ, ಧೂಳೆಬ್ಬಿಸಿ, ಆಣೆಕಲ್ಲಿನ ಜೊತೆ ಬಿರುಗಾಳಿ ತರುತ್ತದೆ. ಭರಣಿ, ಕೃತ್ತಿಕೆ ಮಳೆಗಳ ಗುಣವೇ ಅದು. ನೆರಳು ಕೊಡುವ ಮರವೇ ಆ ಹೊತ್ತಿನಲ್ಲಿ ಹೆದರಿಕೆಯನ್ನೂ ಕೊಡುತ್ತದೆ. ಆದರೂ ಒಂದು ಟೊಂಗೆ ಬಿತ್ತೆಂದು ಮರವನ್ನೇ ತೆಗೆಯುವುದು, ಹಲ್ಲು ನೋಯುತ್ತದೆಂದು ದವಡೆ ಕೀಳಿಸಿದ ಹಾಗೆ. ಮೊದಲು ಮರವನ್ನು ಸುತ್ತು ಬಂದು ನೋಡಿ.

ಬುಡದಲ್ಲಿ ಅಣಬೆ ಎದ್ದಿದೆಯೇ? ಕಾಂಡದ ಮೇಲೆ ಬಡಿದರೆ ಡೊಳ್ಳಿನ ಸದ್ದು ಬರುತ್ತದೆಯೇ? ಈ ವರ್ಷ ಹೊಸದಾಗಿ ವಾಲಿದ್ದು, ವಾಲಿದ ಕಡೆಯ ಎದುರು ಬದಿಗೆ ಮಣ್ಣು ಬಿರಿದು ಮೇಲೆದ್ದಿದೆಯೇ? ಹಾಗಿದ್ದರೆ ತಡ ಮಾಡಬೇಡಿ, ತಿಳಿದವರಿಗೆ ತೋರಿಸಿ. ಇವಾವುದೂ ಇಲ್ಲದೆ ಒಂದೆರಡು ಒಣ ಟೊಂಗೆ ಮಾತ್ರ ಇದ್ದರೆ ಮರ ಗಟ್ಟಿಯಾಗಿಯೇ ಇರುವ ಸಂಭವ ಹೆಚ್ಚು.

ಇನ್ನೊಂದು ಮಾತು, ಇದು ನಮ್ಮ ಕಡೆಯದೇ ರೋಗ. ಶಹಾಬಾದ್ ಕಲ್ಲು ಕೈಗೆಟುಕುವ ಊರು ನಮ್ಮದು. ಅಂಗಳ ಚೊಕ್ಕಟವಾಗಿರಲೆಂದು ಫರಸಿಯನ್ನು ಕಾಂಡದವರೆಗೂ ಹಾಸಿ ಸಿಮೆಂಟು ಮೆತ್ತಿಸಿಬಿಡುತ್ತೇವೆ. ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಮೇಲಾಗಿ ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮಳೆಗೆ ಉಬ್ಬಿ ಮೆತ್ತಗಾಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ಸುರಿದಂಥ ಮಳೆಯಲ್ಲಿ ನೆಲ ನೆನೆದರೆ, ಗಾಳಿ ಸಣ್ಣದಿದ್ದರೂ ಬೇರಿನ ಹಿಡಿತ ಸಡಿಲುತ್ತದೆ. ಕಾಂಡದ ಸುತ್ತ ಎರಡು ಮೂರು ಅಡಿಯಾದರೂ ಫರಸಿ ತೆಗೆಸಿ, ಒಣ ಎಲೆ ಹರವಿ. ಎಲೆ ಕಾಂಡಕ್ಕೆ ತಾಗದಿರಲಿ. ಅಂಗಳ ಸ್ವಲ್ಪ ಕಸವಾಗಿ ಕಂಡರೆ ಕಾಣಲಿ ಬಿಡಿ.

ಈಗ ಕೈ ಯಾರದು ಎಂಬ ಪ್ರಶ್ನೆ. ನಮ್ಮೂರುಗಳಲ್ಲಿ ಕೊಡಲಿ ಹೊತ್ತು ಬರುವವರು, "ಕೂಲಿ ಬ್ಯಾಡ್ರೀ ಅಕ್ಕಾ, ಕಟ್ಟಿಗಿ ಕೊಟ್ರ ಸಾಕು" ಅನ್ನುತ್ತಾರೆ. ಅಗ್ಗವೆಂದು ಒಪ್ಪಿಬಿಡುತ್ತೇವೆ. ಆದರೆ ಕಟ್ಟಿಗೆಯೇ ಕೂಲಿಯಾದರೆ ಕೊಡಲಿ ಒಣ ಪುಳ್ಳೆಗೆ ಹೋಗುವುದಿಲ್ಲ, ದಪ್ಪ ಟೊಂಗೆಗೇ ಹೋಗುತ್ತದೆ. ಮರ ಬೋಳಾಗಿ ಕಂಬವಾಗುತ್ತದೆ. ಮರುವರ್ಷ ಆ ಕಂಬದ ತುದಿಯಿಂದ ಗೊಂಚಲಾಗಿ ಚಿಗುರೊಡೆದ ಟೊಂಗೆಗಳಿಗೆ ಹಿಡಿತ ಕಡಿಮೆ, ಮುಂದಿನ ಗಾಳಿಗೆ ಮೊದಲು ಮುರಿಯುವುದು ಅವೇ. ಕೂಲಿಯನ್ನು ದುಡ್ಡಿನಲ್ಲಿ ಕೊಡಿ, ಕಟ್ಟಿಗೆ ನೀವಿಟ್ಟುಕೊಳ್ಳಿ. ಕೊಡಲಿ ಬದಲು ಗರಗಸ ತರಹೇಳಿ. ಎದುರು ನಿಂತು ಕೆಲಸ ಮಾಡಿಸಿ, ಸಂಕೋಚ ಬೇಡ.

ದಪ್ಪ ಟೊಂಗೆಯನ್ನು ಮೂರು ಸಲ ಕೊಯ್ಯಬೇಕು. ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಅರ್ಧಕ್ಕಿಂತ ಕಡಿಮೆ. ಆಮೇಲೆ ಅದಕ್ಕಿಂತ ತುಸು ಆಚೆ ಮೇಲಿನಿಂದ ಪೂರ್ತಿ. ಹೀಗೆ ಮಾಡಿದರೆ ಟೊಂಗೆ ಬೀಳುವಾಗ ಕಾಂಡದ ತೊಗಟೆ ಸುಲಿದುಕೊಂಡು ಹೋಗುವುದಿಲ್ಲ. ಕೊನೆಗೆ ಉಳಿದ ಮೋಟನ್ನು ತೆಗೆಯಬೇಕು. ಟೊಂಗೆ ಕಾಂಡಕ್ಕೆ ಸೇರುವಲ್ಲಿ ಬಳೆ ತೊಟ್ಟ ಹಾಗೆ ಒಂದು ಉಬ್ಬು ಇರುತ್ತದೆ ನೋಡಿ, ಅದನ್ನು ಮುಟ್ಟದೆ ಅದರ ಹೊರಗೇ ಕೊಯ್ಯಬೇಕು. ಗಾಯ ಮುಚ್ಚುವ ಶಕ್ತಿ ಆ ಬಳೆಯಲ್ಲಿದೆ. ಡಾಂಬರು, ಸಿಮೆಂಟು ಯಾವುದನ್ನೂ ಮೆತ್ತಬೇಡಿ. ಒಂದೇ ವರ್ಷದಲ್ಲಿ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಲೂಬೇಡಿ. ಸಂಕ್ರಾಂತಿ ದಾಟಿ ಶಿವರಾತ್ರಿಯೊಳಗೆ ಈ ಕೆಲಸ ಮುಗಿದರೆ ಲೇಸು. ಹವೆ ಒಣಗಿರುವುದರಿಂದ ಗಾಯಕ್ಕೆ ಬೂಷ್ಟು ಹಿಡಿಯುವ ಭಯ ಕಡಿಮೆ, ಮೇ ಗಾಳಿಗೂ ಮುಂಚೆ ಆಗುತ್ತದೆ. ಎಲ್ಲ ಟೊಂಗೆ ಕಡಿಸದಿದ್ದರೆ ಯುಗಾದಿಯ ಬೇವು-ಬೆಲ್ಲಕ್ಕೆ ಹೂವೂ ಸಿಗುತ್ತದೆ!

ತಂತಿಗೆ ತಾಗಿದ ಟೊಂಗೆಯ ಹತ್ತಿರ ಯಾರನ್ನೂ ಹತ್ತಿಸಬೇಡಿ. ಜೆಸ್ಕಾಂಗೆ ತಿಳಿಸಿ, 1912ಕ್ಕೆ ಫೋನು ಮಾಡಿದರಾಯಿತು. ಕರೆಂಟು ತೆಗೆದ ಮೇಲೆಯೇ ಕೆಲಸ.

ಮರ ತೆಗೆಸಲೇಬೇಕಾಯಿತು ಅನ್ನಿ. ಆಗಲೂ ನಮ್ಮಿಷ್ಟ ಬಂದಂತೆ ಕಡಿಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗಿನಂಥ ಕೆಲವಕ್ಕೆ ವಿನಾಯಿತಿ ಇದೆ. ವಿಚಾರಿಸಲು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ. ನೆರೆಯವರ ಒತ್ತಾಯ ಹೆಚ್ಚಾದರೆ ಈ ಕಾಯ್ದೆಯ ಮಾತೂ ನಿಮ್ಮ ನೆರವಿಗೆ ಬರುತ್ತದೆ.

ಮಳೆಗಾಲದ ತೇವದಲ್ಲಿ ಬೇವಿನ ತುದಿಗಳು ಸುಟ್ಟಂತೆ ಒಣಗುವುದನ್ನು ಕಂಡು ಗಾಬರಿಯಾಗುವವರಿದ್ದಾರೆ. 2021ರ ಸುಮಾರಿಗೆ ನೆರೆಯ ತೆಲಂಗಾಣದಲ್ಲಿ ಸಾಲು ಸಾಲು ಬೇವಿನ ಮರಗಳಿಗೆ ಇದು ಬಂದಿತ್ತು. ಇದೊಂದು ಶಿಲೀಂಧ್ರ ರೋಗ. ಮರ ಸತ್ತಿತೆಂದು ಕಡಿಸಬೇಡಿ, ಬೇಸಿಗೆಗೆ ಹೆಚ್ಚಿನವು ಮತ್ತೆ ಚಿಗುರುತ್ತವೆ. ಕೈಗೆ ಸಿಗುವ ಒಣ ತುದಿ ಕತ್ತರಿಸಿ ಸುಟ್ಟುಬಿಡಿ. ಔಷಧದ ಮಾತಿದ್ದರೆ ತೋಟಗಾರಿಕೆ ಇಲಾಖೆಯನ್ನೋ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರವನ್ನೋ ಕೇಳಿ, ಅಂಗಡಿಯವರ ಮಾತಿಗೆ ಸಿಂಪಡಿಸಬೇಡಿ.

ಕಮಲಾಪುರದ ಸೋದರಿ ಹಿತ್ತಲಲ್ಲಿ ಎರಡು ಕೆಂಪು ಬಾಳೆಯೂ ಇವೆ ಎಂದು ಬರೆದಿದ್ದಾರೆ. ಅದು ಎತ್ತರದ ಜಾತಿ, ಗೊನೆ ಬರಲು ವರ್ಷಕ್ಕೂ ಮಿಗಿಲಾಗಿ ಕಾಯಿಸುತ್ತದೆ. ಇಷ್ಟು ಕಾದು ಗಾಳಿಗೆ ಕಳಕೊಳ್ಳುವುದೇ? ಗೊನೆ ಬಿಟ್ಟ ಕೂಡಲೇ ಎರಡು ಬಿದಿರನ್ನು ಕತ್ತರಿಯಂತೆ ಕಟ್ಟಿ, ಗೊನೆ ಬಾಗಿದ ಕಡೆಗೆ ಆನಿಸಿ ನಿಲ್ಲಿಸಿ. ಕಟ್ಟುವಲ್ಲಿ ಹಳೆ ಸೀರೆಯ ತುಂಡು ಸುತ್ತಿದರೆ ಕಾಂಡ ಉಜ್ಜಿ ಗಾಯವಾಗದು. ಬೇವಿನ ಮರದ ಸುದ್ದಿಯನ್ನು ಶಿವರಾತ್ರಿಯ ನಂತರ ಬರೆದು ತಿಳಿಸಿ.